ಲಕ್ಷ್ಮೀನೃಸಿಂಹ ಕರಾವಲಂಬ ಸ್ತೋತ್ರ: ರಕ್ಷಣೆಯ ಐತಿಹ್ಯ ಮತ್ತು ಅದರ ಅರ್ಥ

೧

ಶಂಕರಭಗವತ್ಪಾದರ ಹೆಸರಿನಲ್ಲಿ ಪ್ರಚಾರದಲ್ಲಿರುವ ಸ್ತೋತ್ರಗಳ ಪೈಕಿ ಲಕ್ಷ್ಮೀನೃಸಿಂಹ ಕರಾವಲಂಬ ಸ್ತೋತ್ರವು ಕನ್ನಡ ನಾಡಿನಲ್ಲಿ, ಅದರಲ್ಲಿಯೂ ಶೃಂಗೇರಿ ಪೀಠದ ಪ್ರಭಾವಕ್ಕೊಳಗಾದ ಮಲೆನಾಡಿನಲ್ಲಿ, ಬಹುಕಾಲದಿಂದ ಪಾರಾಯಣದಲ್ಲಿರುವ ಕೃತಿ. ಸಂಸ್ಕೃತದ ಪರಿಚಯ ಹೆಚ್ಚಾಗಿ ಇಲ್ಲದವರಿಗೂ ಅದರ ಪಲ್ಲವಿಯಂತಹ ನಾಲ್ಕನೆಯ ಪಾದವು ಕಂಠಸ್ಥವಾಗಿರುವುದುಂಟು. ಸ್ತೋತ್ರದೊಡನೆ ಒಂದು ಕಥೆಯೂ ಹೇಳಿಕೆಯಲ್ಲಿದೆ. ಆಚಾರ್ಯರ ದೇಹವು ಬೆಂಕಿಗೆ ಸಿಕ್ಕಿದಾಗ ಅವರು ಈ ಸ್ತೋತ್ರದಿಂದ ನರಸಿಂಹನನ್ನು ಪ್ರಾರ್ಥಿಸಿದರೆಂದೂ, ಆ ದೇವನು ಅಗ್ನಿಯನ್ನು ಶಮನಗೊಳಿಸಿ ಅವರನ್ನು ಉಳಿಸಿದನೆಂದೂ ಆ ಕಥೆ ಹೇಳುತ್ತದೆ.

ಕಾಲೇಜುಗಳಲ್ಲಿ ಸ್ತೋತ್ರವಾಙ್ಮಯವನ್ನು ಬೋಧಿಸುವಾಗ ಈ ಬಗೆಯ ಐತಿಹ್ಯಗಳ ವಿಷಯದಲ್ಲಿ ಎರಡು ದಾರಿಗಳು ರೂಢಿಯಲ್ಲಿವೆ. ಕಥೆಯನ್ನು ಹೇಳಿ, ಸ್ತೋತ್ರವನ್ನು ಅದರ ಫಲವೆಂದು ತೋರಿಸಿ ಮುಗಿಸುವುದು ಒಂದು. ಕಥೆಗೆ ಚಾರಿತ್ರಿಕ ಆಧಾರವಿಲ್ಲವೆಂದು ಅದನ್ನು ತಳ್ಳಿಹಾಕಿ, ಛಂದಸ್ಸು ಮತ್ತು ಅಲಂಕಾರಗಳನ್ನು ಮಾತ್ರ ವಿವರಿಸುವುದು ಇನ್ನೊಂದು. ಮೊದಲನೆಯ ದಾರಿಯಲ್ಲಿ ಸ್ತೋತ್ರದ ಅರ್ಥವು ಕಳೆದುಹೋಗುತ್ತದೆ. ಎರಡನೆಯದರಲ್ಲಿ ಜನರು ಆ ಸ್ತೋತ್ರವನ್ನು ಏಕೆ ಹಿಡಿದುಕೊಂಡು ಬಂದರೆಂಬುದು ತಿಳಿಯದೆ ಹೋಗುತ್ತದೆ. ಐತಿಹ್ಯವನ್ನು ಸ್ತೋತ್ರದ ಮೇಲೆ ಸಂಪ್ರದಾಯವು ಬರೆದ ಒಂದು ವ್ಯಾಖ್ಯಾನವೆಂದು ಭಾವಿಸಿ ಓದಿದರೆ ಎರಡೂ ಒಂದನ್ನೊಂದು ಬೆಳಗುವುವೆಂಬುದನ್ನು ತೋರಿಸುವುದೇ ಈ ಲೇಖನದ ಉದ್ದೇಶ. ಇದಕ್ಕೆ ಚಿಕ್ಕಮಗಳೂರು ಜಿಲ್ಲೆಯ ಮೂರು ಎಡೆಗಳು ನಮಗೆ ನೆರವಾಗುತ್ತವೆ: ಐತಿಹ್ಯವನ್ನು ಕಾಪಾಡಿಕೊಂಡು ಬಂದ ಶೃಂಗೇರಿ, ಸ್ತೋತ್ರದ ಮುಖ್ಯ ರೂಪಕವೊಂದನ್ನು ಕಣ್ಣಿಗೆ ಕಟ್ಟಿಸುವ ಅತ್ತಿಗುಂಡಿಯ ಬೆಟ್ಟಗಳು, ಮತ್ತು ಇಂಥದೇ ರಕ್ಷಣೆಯ ಕಥೆಯನ್ನು ಕನ್ನಡದಲ್ಲಿ ಹಾಡಿದ ಲಕ್ಷ್ಮೀಶನ ದೇವನೂರು.

೨

ಮೊದಲು ಕರ್ತೃತ್ವದ ವಿಷಯವನ್ನು ಸಂಕ್ಷೇಪವಾಗಿ ಪರಿಶೀಲಿಸಬಹುದು. ಸ್ತೋತ್ರದ ಕೊನೆಯ ಪದ್ಯದಲ್ಲಿ ಕರ್ತೃವಿನ ಹೆಸರು ಶಂಕರನೆಂದು ಬಂದಿದೆ. ಆದರೆ ಆಚಾರ್ಯರ ಪೀಠವನ್ನೇರಿದ ಯತಿಗಳೆಲ್ಲರಿಗೂ ಶಂಕರಾಚಾರ್ಯರೆಂಬ ಬಿರುದು ಸಲ್ಲುವುದರಿಂದ ಹೆಸರೊಂದೇ ಸಾಕಷ್ಟು ಪ್ರಮಾಣವಾಗಲಾರದು. ಜರ್ಮನ್ ವಿದ್ವಾಂಸ ಪಾಲ್ ಹಾಕರ್ ಅವರು ೧೯೪೭ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಹಸ್ತಪ್ರತಿಗಳ ಸಮಾಪ್ತಿವಾಕ್ಯಗಳಲ್ಲಿ ಭಗವತ್ಪಾದ ಮೊದಲಾದ ಹೆಸರಿರುವ ಗ್ರಂಥಗಳನ್ನೂ ಶಂಕರಾಚಾರ್ಯ ಎಂದು ಮಾತ್ರ ಇರುವ ಗ್ರಂಥಗಳನ್ನೂ ಬೇರ್ಪಡಿಸಿ ನೋಡಬೇಕೆಂದು ಸೂಚಿಸಿದರು. ಸ್ತೋತ್ರಗಳಲ್ಲಿ ಬಹುಭಾಗವು ಆಚಾರ್ಯರದೇ ಎಂದು ನಿರ್ಧರಿಸುವುದು ಕಷ್ಟವೆಂಬುದೇ ಈಗಿನ ವಿಮರ್ಶಕರ ಸಾಮಾನ್ಯ ಅಭಿಪ್ರಾಯ. ಶೃಂಗೇರಿಯ ಜಗದ್ಗುರು ಶ್ರೀ ಸಚ್ಚಿದಾನಂದ ಶಿವಾಭಿನವ ನೃಸಿಂಹಭಾರತೀ ಸ್ವಾಮಿಗಳ ಪ್ರೇರಣೆಯಿಂದ ಶ್ರೀರಂಗದ ವಾಣೀವಿಲಾಸ ಮುದ್ರಣಾಲಯವು ೧೯೧೦ರ ಸುಮಾರಿಗೆ ಆಚಾರ್ಯರ ಗ್ರಂಥಗಳನ್ನು ಇಪ್ಪತ್ತು ಸಂಪುಟಗಳಲ್ಲಿ ಹೊರತಂದಾಗ ಸ್ತೋತ್ರಗಳಿಗೂ ಅವುಗಳಲ್ಲಿ ಸ್ಥಳ ದೊರೆಯಿತು. ಪರಂಪರೆಯ ಸ್ವೀಕಾರವು ಬೇರೆ, ಚಾರಿತ್ರಿಕ ನಿರ್ಣಯವು ಬೇರೆ. ಪ್ರಕೃತ ವಿಷಯಕ್ಕೆ ಕರ್ತೃತ್ವದ ನಿರ್ಣಯವು ಅನಿವಾರ್ಯವಲ್ಲ. ಸಂಪ್ರದಾಯವು ಈ ಸ್ತೋತ್ರವನ್ನು ಆಚಾರ್ಯರ ಬಾಯಲ್ಲಿ ಇಟ್ಟು ಓದಿತೆಂಬುದಷ್ಟೇ ನಮಗೆ ಮುಖ್ಯ.

ಸ್ತೋತ್ರವು ವಸಂತತಿಲಕ ವೃತ್ತದಲ್ಲಿದೆ. ಹದಿನೇಳು ಪದ್ಯಗಳ ಪಾಠವು ಹೆಚ್ಚು ಬಳಕೆಯಲ್ಲಿದ್ದು, ಅದಕ್ಕಿಂತ ಹೆಚ್ಚು ಪದ್ಯಗಳುಳ್ಳ ದೀರ್ಘ ಪಾಠಗಳೂ ಉಂಟು. ಪ್ರಾರ್ಥನಾಪದ್ಯಗಳ ನಾಲ್ಕನೆಯ ಪಾದವು ಒಂದೇ ಆಗಿದ್ದು, ಲಕ್ಷ್ಮೀಸಮೇತನಾದ ನೃಸಿಂಹನನ್ನು ಕೈಯಾಸರೆಗಾಗಿ ಬೇಡುತ್ತದೆ. ಮೊದಲ ಮೂರು ಪಾದಗಳಲ್ಲಿ ಭಕ್ತನ ಅವಸ್ಥೆಯ ವರ್ಣನೆ, ನಾಲ್ಕನೆಯದರಲ್ಲಿ ಬೇಡಿಕೆ, ಇದೇ ರಚನೆಯ ಕ್ರಮ.

೩

ಈ ಅವಸ್ಥೆಗಳಾವುವು? ಸ್ತೋತ್ರದ ನಡುಭಾಗದ ಪದ್ಯಗಳು ಸಂಸಾರಕ್ಕೆ ಒಂದಾದ ಮೇಲೊಂದರಂತೆ ರೂಪಕಗಳನ್ನು ಕೊಡುತ್ತವೆ. ಸಂಸಾರವು ಘೋರವಾದ ಕಾಡು. ಅದರಲ್ಲಿ ಕಾಮನೆಂಬ ಕ್ರೂರಮೃಗವು ತಿರುಗಾಡುತ್ತಿದೆ. ಅದು ಆಳವಾದ ಬಾವಿ. ಅದರ ತುಂಬ ದುಃಖಗಳೆಂಬ ನೂರಾರು ಹಾವುಗಳು. ಅದು ಕಡಲು, ಅಲ್ಲಿ ಕಾಲವೆಂಬ ಮೊಸಳೆಯ ಬಾಯಿಗೆ ಜೀವನು ತುತ್ತಾಗುತ್ತಾನೆ. ಅದು ಮದಿಸಿದ ಆನೆ. ಅದರ ಸೊಂಡಿಲಿನ ಹೊಡೆತಕ್ಕೆ ಮೈ ಜರ್ಜರಿತವಾಗಿದೆ. ಅದು ವಿಷದ ಹಲ್ಲನ್ನೂರಿದ ಸರ್ಪ. ಅದು ಮರ, ಪಾಪವು ಬೀಜ, ಕರ್ಮಗಳು ಕೊಂಬೆ, ಇಂದ್ರಿಯಗಳು ಎಲೆ, ಕಾಮವು ಹೂವು, ದುಃಖವು ಹಣ್ಣು, ಹತ್ತಿದವನು ಅದರಿಂದ ಬೀಳುತ್ತಿದ್ದಾನೆ. ಅದು ಬಲೆ, ಇಂದ್ರಿಯವಿಷಯಗಳೆಂಬ ಗಾಳಕ್ಕೆ ಸಿಕ್ಕಿದ ಮೀನಿನಂತೆ ಜೀವನು ಒದ್ದಾಡುತ್ತಾನೆ. ಅದು ಕಾಳ್ಗಿಚ್ಚು, ಅದರ ಜ್ವಾಲೆಗೆ ಮೈಯ ರೋಮಗಳು ಸುಟ್ಟು, ಭಗವಂತನ ಪಾದವೆಂಬ ತಾವರೆಗೊಳಕ್ಕೆ ಜೀವನು ಓಡಿಬಂದಿದ್ದಾನೆ.

ರೂಪಕಗಳು ಯಾದೃಚ್ಛಿಕವಾಗಿ ಕೂಡಿದುವಲ್ಲ. ಮಹಾಭಾರತದ ಸ್ತ್ರೀಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ಹೇಳುವ ದೃಷ್ಟಾಂತವೊಂದು ಪ್ರಸಿದ್ಧವಾಗಿದೆ. ಘೋರಾರಣ್ಯದಲ್ಲಿ ದಿಕ್ಕುತಪ್ಪಿದ ಒಬ್ಬನು ಹಾಳುಬಾವಿಗೆ ಬಿದ್ದು ಬಳ್ಳಿಗಳಿಗೆ ಸಿಕ್ಕಿ ತಲೆಕೆಳಗಾಗಿ ತೂಗುತ್ತಾನೆ. ಕೆಳಗೆ ಹಾವು, ಮೇಲೆ ಆನೆ. ಬಿಳಿಯ ಮತ್ತು ಕರಿಯ ಇಲಿಗಳು ಬೇರನ್ನು ಕಡಿಯುತ್ತಿರುತ್ತವೆ. ಆದರೂ ಅವನು ಮೇಲಿನಿಂದ ಜಿನುಗುವ ಜೇನಿಗೆ ಬಾಯೊಡ್ಡುತ್ತಾನೆ. ಜೈನವಾಙ್ಮಯದಲ್ಲಿ ಇದು ಮಧುಬಿಂದು ದೃಷ್ಟಾಂತವೆಂದು ಹೆಸರಾಗಿದೆ. ಇದೇ ಕಥೆ ಬರ್ಲಾಮ್ ಮತ್ತು ಜೋಸಾಫತ್ ಎಂಬ ಕ್ರೈಸ್ತ ಕಥಾನಕದ ಮೂಲಕ ಯೂರೋಪಿಗೂ ಹೋಯಿತು. ರಷ್ಯದ ಟಾಲ್‌ಸ್ಟಾಯ್ ತನ್ನ ಆತ್ಮನಿವೇದನೆಯ ಗ್ರಂಥದಲ್ಲಿ ಅದನ್ನು ಸ್ಮರಿಸಿದ್ದಾನೆ. ಕಾಡು, ಬಾವಿ, ಹಾವು, ಆನೆ, ಬೇರು ಕಡಿಯಲ್ಪಡುವ ಗಿಡ ಎಂಬ ಒಂದೇ ಚಿತ್ರದ ಅಂಗಗಳನ್ನು ಸ್ತೋತ್ರಕಾರನು ಬಿಡಿಸಿ, ಒಂದೊಂದನ್ನು ಒಂದೊಂದು ಪದ್ಯದ ಪ್ರಧಾನ ರೂಪಕವನ್ನಾಗಿ ಮಾಡಿದಂತೆ ತೋರುತ್ತದೆ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ವಿದುರನ ಮನುಷ್ಯನು ಜೇನಿನ ಆಸೆಯಲ್ಲಿ ತನ್ನ ಸ್ಥಿತಿಯನ್ನು ಮರೆತಿದ್ದಾನೆ. ಯಾರನ್ನೂ ಕೂಗಿ ಕರೆಯುವುದಿಲ್ಲ. ಸ್ತೋತ್ರದ ಮನುಷ್ಯನು ಎಚ್ಚತ್ತಿದ್ದಾನೆ; ಅವನು ಕೂಗುತ್ತಾನೆ. ಕೂಗುವುದೇ ಇಲ್ಲಿ ವಿವೇಕದ ಮೊದಲ ಲಕ್ಷಣ.

ಇನ್ನೊಂದು ಪದ್ಯವು ಇನ್ನೂ ಗಮನಾರ್ಹವಾದುದು. ಅದರಲ್ಲಿ ಭಕ್ತನು ತಾನು ಕುರುಡನೆಂದೂ, ಇಂದ್ರಿಯಗಳೆಂಬ ಬಲಿಷ್ಠ ಕಳ್ಳರು ತನ್ನ ವಿವೇಕವೆಂಬ ಮಹಾಧನವನ್ನು ಕದ್ದು ಮೋಹವೆಂಬ ಕತ್ತಲೆಯ ಬಾವಿಗೆ ತನ್ನನ್ನು ತಳ್ಳಿದರೆಂದೂ ಹೇಳಿಕೊಳ್ಳುತ್ತಾನೆ. ಇದನ್ನು ಓದಿದಾಗ ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದ ಗಾಂಧಾರಪುರುಷನ ದೃಷ್ಟಾಂತವು ನೆನಪಿಗೆ ಬಾರದಿರದು. ಕಣ್ಣು ಕಟ್ಟಿ ಗಾಂಧಾರದೇಶದಿಂದ ತಂದು ನಿರ್ಜನಪ್ರದೇಶದಲ್ಲಿ ಬಿಟ್ಟ ಮನುಷ್ಯನು ದಿಕ್ಕುದಿಕ್ಕಿಗೂ ಕೂಗುತ್ತಾನೆ. ಯಾರೋ ಒಬ್ಬನು ಬಂದು ಕಟ್ಟನ್ನು ಬಿಚ್ಚಿ, ಗಾಂಧಾರವು ಇಂಥ ದಿಕ್ಕಿನಲ್ಲಿದೆ ಎಂದು ತೋರಿಸುತ್ತಾನೆ. ಆಮೇಲೆ ಅವನು ಊರಿಂದೂರಿಗೆ ವಿಚಾರಿಸುತ್ತ ತನ್ನ ನಾಡನ್ನು ಸೇರುತ್ತಾನೆ. ಆಚಾರ್ಯನಿರುವವನು ಹೀಗೆಯೇ ತತ್ತ್ವವನ್ನು ತಿಳಿಯುತ್ತಾನೆಂದು ಉಪನಿಷತ್ತು ಹೇಳುತ್ತದೆ. ಇದರ ಭಾಷ್ಯದಲ್ಲಿ ಶಂಕರರು ಪುಣ್ಯಪಾಪಾದಿಗಳನ್ನೇ ಕಳ್ಳರೆಂದೂ ಮೋಹವನ್ನೇ ಕಣ್ಣುಕಟ್ಟಿನ ಬಟ್ಟೆಯೆಂದೂ ವಿವರಿಸುತ್ತಾರೆ. ಸ್ತೋತ್ರದ ಕರ್ತೃ ಯಾರೇ ಆಗಿರಲಿ, ಅವನು ಈ ಭಾಷ್ಯದ ವಾತಾವರಣದಲ್ಲಿ ಬೆಳೆದವನೆಂಬುದರಲ್ಲಿ ನಮಗೆ ಸಂದೇಹವಿಲ್ಲ.

೪

ಹೀಗೆ ಸ್ತೋತ್ರದಲ್ಲಿ ಅಪಾಯಗಳು ಅನೇಕ. ಬೆಂಕಿಯು ಅವುಗಳಲ್ಲಿ ಒಂದು ಮಾತ್ರ. ಅಮರುಕನ ಕಥೆಯಾಗಲಿ ಚಿತೆಯಾಗಲಿ ಸ್ತೋತ್ರದಲ್ಲಿ ಎಲ್ಲಿಯೂ ಬರುವುದಿಲ್ಲ. ಹಾಗಿದ್ದರೂ ಐತಿಹ್ಯವು ಬಾವಿಯನ್ನೋ ಮೊಸಳೆಯನ್ನೋ ಹಿಡಿಯದೆ ಬೆಂಕಿಯನ್ನೇ ಹಿಡಿಯಿತೇಕೆ?

ಮೊದಲನೆಯ ಕಾರಣವು ಪದ್ಯದ ಮಾತಿನಲ್ಲಿಯೇ ಇದೆ. ಉಳಿದ ರೂಪಕಗಳು ಬಹುಮಟ್ಟಿಗೆ ದೂರದಿಂದ ನೋಡಿದ ಚಿತ್ರಗಳು. ಕಾಳ್ಗಿಚ್ಚಿನ ಪದ್ಯದಲ್ಲಿ ಮಾತ್ರ ಕವಿಯು ಒಂದು ಸಣ್ಣ, ಶಾರೀರಿಕವಾದ ವಿವರವನ್ನು ಕೊಡುತ್ತಾನೆ: ಮೈಮೇಲಿನ ರೋಮಗಳು ಸುಟ್ಟುಹೋಗಿವೆ. ತನೂರುಹವೆಂಬ ಆ ಶಬ್ದವು ಕೇಳಿದವರ ಮನಸ್ಸಿನಲ್ಲಿ ನಿಜವಾದ ಬೆಂಕಿಯನ್ನೂ ನಿಜವಾದ ಮೈಯನ್ನೂ ತಂದು ನಿಲ್ಲಿಸುತ್ತದೆ. ಆಚಾರ್ಯರ ಚರಿತ್ರೆಯಲ್ಲಿ ಬೆಂಕಿಗೆ ಸಿಕ್ಕಿದ ದೇಹವೊಂದರ ಕಥೆ ಇದ್ದಾಗ, ಈ ಪದ್ಯವು ಅದಕ್ಕೆ ಅಂಟಿಕೊಂಡುದು ಸಹಜವೇ ಆಗಿದೆ.

ಈ ರೂಪಕದ ಯಥಾರ್ಥತೆಯನ್ನು ತಿಳಿಯಲು ಬಾಬಾಬುಡನ್ ಗಿರಿಶ್ರೇಣಿಯನ್ನು ನೋಡಬೇಕು. ಚಿಕ್ಕಮಗಳೂರಿನಿಂದ ಗಿರಿಗೆ ಹೋಗುವ ದಾರಿಯಲ್ಲಿರುವ ಅತ್ತಿಗುಂಡಿಯ ಆಸುಪಾಸಿನಲ್ಲಿ ಇಳಿಜಾರುಗಳಲ್ಲಿ ಮರಗಳ ನೆರಳಿನಲ್ಲಿ ಕಾಫಿಯ ತೋಟಗಳು, ಮೇಲ್ಭಾಗದಲ್ಲಿ ಬೋಳು ಹುಲ್ಲುಗಾವಲು, ಹುಲ್ಲುಗಾವಲಿನ ಮಡಿಕೆಗಳಲ್ಲಿ ಶೋಲಾ ಎಂದು ಕರೆಯುವ ದಟ್ಟವಾದ ಕಾಡುಗಳು ಇವೆ. ಮಳೆಗಾಲದಲ್ಲಿ ಹಸುರಾಗಿ ನಿಂತ ಹುಲ್ಲು ಚಳಿಗಾಲ ಮುಗಿಯುವ ಹೊತ್ತಿಗೆ ಒಣಗಿ, ಬೇಸಗೆಯಲ್ಲಿ ಒಂದು ಕಿಡಿ ಬಿದ್ದರೆ ಸಾಕು, ಗುಡ್ಡಕ್ಕೆ ಗುಡ್ಡವೇ ಹತ್ತಿಕೊಳ್ಳುತ್ತದೆ. ಬೆಂಕಿಯು ಇಳಿಜಾರನ್ನು ಇಳಿಯುವುದಕ್ಕಿಂತ ಏರುವುದು ಬಹಳ ವೇಗವಾಗಿ. ಜ್ವಾಲೆಯು ಮೇಲಿನ ಹುಲ್ಲನ್ನು ಮೊದಲೇ ಕಾಯಿಸಿ ಒಣಗಿಸಿಬಿಡುತ್ತದೆ. ಆದುದರಿಂದ ಎತ್ತರಕ್ಕೆ ಓಡಿದ ಪ್ರಾಣಿಗೆ ಉಳಿವು ಕಷ್ಟ. ಶೋಲಾ ಕಾಡಿನ ಅಂಚಿಗೆ ಬಂದಾಗ ಆ ಬೆಂಕಿಯು ಸಾಮಾನ್ಯವಾಗಿ ಶಮನವಾಗುತ್ತದೆ. ಅಲ್ಲಿಯ ತರಗೆಲೆಯ ನೆಲ ತೇವವಾಗಿರುತ್ತದೆ. ಮರದ ನೆರಳು ತೇವವನ್ನು ಆರಗೊಡುವುದಿಲ್ಲ. ತೊರೆಗಳು ಹುಟ್ಟುವುದೂ ಅಲ್ಲಿಯೇ.

ಸ್ತೋತ್ರದ ಜೀವನು ಓಡಿಬರುವುದೂ ಎತ್ತರಕ್ಕಲ್ಲ, ನೀರಿನ ತಗ್ಗಿಗೆ. ಭಗವಂತನ ಪಾದಗಳನ್ನು ಕವಿಗಳು ತಾವರೆಗೆ ಹೋಲಿಸುವುದು ಸವೆದುಹೋದ ರೂಢಿ. ಆದರೆ ಇಲ್ಲಿ ಅದು ಸವೆದ ಮಾತಾಗಿ ಉಳಿದಿಲ್ಲ. ಕಾಳ್ಗಿಚ್ಚಿನಿಂದ ತಪ್ಪಿಸಿಕೊಂಡವನಿಗೆ ತಾವರೆ ಇರುವೆಡೆಯೆಂದರೆ ನೀರಿರುವೆಡೆ. ಗಿರಿಯ ಮೇಲಿನ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ.

ಎರಡನೆಯ ಕಾರಣವು ನರಸಿಂಹನ ಕಥೆಯೊಳಗಿದೆ. ವಿಷ್ಣುಪುರಾಣದ ಪ್ರಕಾರ ಪ್ರಹ್ಲಾದನನ್ನು ಬೆಂಕಿಗೆ ಹಾಕಿದಾಗ ಅದು ಅವನನ್ನು ಸುಡಲಿಲ್ಲ. ಸುತ್ತಲೂ ತಾವರೆಗಳನ್ನು ಹಾಸಿದಂತೆ ತಂಪಾಗಿದೆಯೆಂದು ಅವನು ತಂದೆಗೆ ಹೇಳುತ್ತಾನೆ. ಬೆಂಕಿ ಮತ್ತು ತಾವರೆಗಳು ಒಟ್ಟಿಗೆ ಬರುವುದು ಅಲ್ಲಿಯೇ. ಪ್ರಹ್ಲಾದವರದನು ಬೆಂಕಿಯಿಂದ ಕಾಪಾಡುವ ದೇವನೆಂಬ ಭಾವನೆ ಸ್ತೋತ್ರಕ್ಕಿಂತ ಪ್ರಾಚೀನವಾದುದು.

೫

ಇನ್ನು ಐತಿಹ್ಯವನ್ನು ನೋಡೋಣ. ಅದರ ಪ್ರಸಿದ್ಧವಾದ ರೂಪವು ಮಾಧವೀಯ ಶಂಕರವಿಜಯದಲ್ಲಿದೆ. ಸಂಕ್ಷೇಪ ಶಂಕರಜಯವೆಂದು ಹೆಸರುಳ್ಳ ಈ ಹದಿನಾರು ಸರ್ಗಗಳ ಕಾವ್ಯವನ್ನು ಸಂಪ್ರದಾಯವು ಹದಿನಾಲ್ಕನೆಯ ಶತಮಾನದ ವಿದ್ಯಾರಣ್ಯರದೆಂದು ಹೇಳುತ್ತದೆ. ಅದರಲ್ಲಿ ಈಚಿನ ಕಾವ್ಯಗಳ ಪದ್ಯಗಳು ಸೇರಿರುವುದನ್ನು ತೋರಿಸಿ, ಅದು ಹದಿನೇಳನೆಯ ಶತಮಾನಕ್ಕಿಂತ ಹಿಂದಿನದಾಗಲಾರದೆಂದು ಹಲವು ವಿದ್ವಾಂಸರು ವಾದಿಸಿದ್ದಾರೆ.

ಕಾವ್ಯದ ಹತ್ತನೆಯ ಸರ್ಗದ ಕಥೆ ಹೀಗಿದೆ. ಮಂಡನಮಿಶ್ರರ ಪತ್ನಿ ಉಭಯಭಾರತಿಯ ಪ್ರಶ್ನೆಗಳಿಗೆ ಉತ್ತರ ಹೇಳುವ ಸಲುವಾಗಿ ಶಂಕರರು ಮೃತನಾದ ಅಮರುಕರಾಜನ ದೇಹವನ್ನು ಪ್ರವೇಶಿಸುತ್ತಾರೆ. ಅವರ ಸ್ವಂತ ದೇಹವನ್ನು ಶಿಷ್ಯರು ಗುಹೆಯೊಂದರಲ್ಲಿ ಕಾಯುತ್ತಿರುತ್ತಾರೆ. ರಾಜನ ದೇಹದಲ್ಲಿ ಯಾರೋ ಮಹಾಯೋಗಿಯಿದ್ದಾನೆಂದು ಊಹಿಸಿದ ಮಂತ್ರಿಗಳು, ಅವನು ಹಿಂದಿರುಗದಂತೆ, ರಾಜ್ಯದಲ್ಲಿ ಪ್ರಾಣವಿಲ್ಲದ ದೇಹಗಳು ಎಲ್ಲಿದ್ದರೂ ಸುಡಬೇಕೆಂದು ಆಜ್ಞೆ ಮಾಡುತ್ತಾರೆ. ಕೆಲವರು ಶಿಷ್ಯರು ಗಾಯಕರ ವೇಷದಲ್ಲಿ ಅರಮನೆಗೆ ಹೋಗಿ ತತ್ತ್ವಬೋಧಕವಾದ ಹಾಡಿನಿಂದ ಗುರುವಿಗೆ ನೆನಪು ತರುತ್ತಾರೆ. ಅಷ್ಟರಲ್ಲಿ ರಾಜಭಟರು ಗುಹೆಯಲ್ಲಿನ ದೇಹಕ್ಕೆ ಬೆಂಕಿಯಿಟ್ಟಿರುತ್ತಾರೆ. ಶಂಕರರು ಉರಿಯುತ್ತಿರುವ ದೇಹವನ್ನೇ ಪ್ರವೇಶಿಸಿ ನರಸಿಂಹನನ್ನು ಸ್ತುತಿಸಲು ಅಗ್ನಿ ಶಾಂತವಾಗುತ್ತದೆ. ಇದಾದ ಮೇಲೆ ಉಭಯಭಾರತಿಯು ತನ್ನ ಲೋಕಕ್ಕೆ ತೆರಳಲು ಅನುವಾದಾಗ, ಋಷ್ಯಶೃಂಗವೇ ಮೊದಲಾದ ಕ್ಷೇತ್ರಗಳಲ್ಲಿ ಶಾರದೆಯಾಗಿ ನೆಲಸಬೇಕೆಂದು ಆಚಾರ್ಯರು ಬೇಡಿಕೊಳ್ಳುತ್ತಾರೆ. ಋಷ್ಯಶೃಂಗವೆಂದರೆ ಶೃಂಗೇರಿ. ತುಂಗೆಯ ದಡದ ಶಾರದಾಪೀಠದ ಉಗಮವನ್ನು ಹೇಳುವ ಕಥಾಭಾಗಕ್ಕೆ ಈ ಅಗ್ನಿಶಮನವು ಹೀಗೆ ಪೂರ್ವಾಂಗವಾಗಿದೆ. ಚಿತೆಯಲ್ಲಿ ಆಚಾರ್ಯರ ಕೈ ಬೆಂದಿತ್ತೆಂದೂ ಅದಕ್ಕಾಗಿಯೇ ಅವರು ದೇವರ ಕೈಯನ್ನು ಬೇಡಿದರೆಂದೂ ಮೌಖಿಕವಾಗಿ ಹೇಳುವವರುಂಟು. ಸ್ತೋತ್ರದ ಹೆಸರಿನಿಂದ ಕಥೆಯು ಬೆಳೆಯುವ ಕ್ರಮಕ್ಕೆ ಇದು ಒಳ್ಳೆಯ ನಿದರ್ಶನ.

ಇಲ್ಲಿ ಒಂದು ಶಂಕೆ ಏಳುತ್ತದೆ. ವಿದ್ಯಾರ್ಥಿಗಳು ಅದನ್ನು ಎತ್ತದಿರುವುದೇ ಆಶ್ಚರ್ಯ. ದೇಹವು ಆತ್ಮವಲ್ಲವೆಂದು ಬೋಧಿಸಿದ ಆಚಾರ್ಯರು, ಇನ್ನೊಂದು ದೇಹದಲ್ಲಿ ಸುಖವಾಗಿದ್ದವರು, ಸುಡುತ್ತಿರುವ ಒಂದು ದೇಹಕ್ಕಾಗಿ ದೇವರನ್ನು ಏಕೆ ಬೇಡಬೇಕು? ಎಲ್ಲವೂ ಬ್ರಹ್ಮವೆಂದವನಿಗೆ ಕಾಪಾಡುವ ಕೈ ಇನ್ನೊಬ್ಬರದೆಂದು ಇರುವುದುಂಟೆ?

ಶಂಕೆಯ ಉತ್ತರಾರ್ಧಕ್ಕೆ ಬ್ರಹ್ಮಸೂತ್ರಭಾಷ್ಯದಲ್ಲಿಯೇ ಸಮಾಧಾನವಿದೆ. ಎರಡನೆಯ ಅಧ್ಯಾಯದ ಮೂರನೆಯ ಪಾದದ ನಲವತ್ತೊಂದನೆಯ ಸೂತ್ರದ ಭಾಷ್ಯದಲ್ಲಿ, ಅವಿದ್ಯಾವಸ್ಥೆಯಲ್ಲಿರುವ ಜೀವನಿಗೆ ಸಂಸಾರವು ಈಶ್ವರನ ಅನುಜ್ಞೆಯಿಂದಲೂ, ಮೋಕ್ಷವು ಅವನ ಅನುಗ್ರಹದಿಂದುಂಟಾಗುವ ಜ್ಞಾನದಿಂದಲೂ ಆಗುವುದೆಂದು ಆಚಾರ್ಯರು ಸ್ಪಷ್ಟವಾಗಿ ಹೇಳಿದ್ದಾರೆ. ಅನುಗ್ರಹವು ಜ್ಞಾನದ ಬದಲಿಗೆ ಬರುವುದಲ್ಲ, ಜ್ಞಾನಕ್ಕೆ ದಾರಿಯಾಗಿ ಬರುವುದು. ಸ್ತೋತ್ರದ ಹೆಸರಿನಲ್ಲಿರುವ ಅವಲಂಬವೆಂಬ ಶಬ್ದವೂ ಇದನ್ನೇ ಸೂಚಿಸುತ್ತದೆ. ಅವಲಂಬವೆಂದರೆ ಹಿಡಿದುಕೊಳ್ಳಲು ಇರುವ ಆಸರೆ. ಬಾವಿಗೆ ಬಿದ್ದವನಿಗೆ ಕೈ ಕೊಟ್ಟರೂ ಹಿಡಿಯಬೇಕಾದವನೂ ಹತ್ತಬೇಕಾದವನೂ ಅವನೇ. ಗಾಂಧಾರಪುರುಷನ ಕಣ್ಣುಕಟ್ಟನ್ನು ಬಿಚ್ಚಿದವನು ಅವನನ್ನು ಹೊತ್ತುಕೊಂಡು ಹೋಗಲಿಲ್ಲ, ನಡೆದವನು ಅವನೇ.

ಈ ಕೈಯ ವಿಷಯದಲ್ಲಿ ಸ್ತೋತ್ರದ ದೀರ್ಘ ಪಾಠಗಳಲ್ಲಿ ಬರುವ ಪದ್ಯವೊಂದು ಮೂರ್ತಿಶಿಲ್ಪದ ದೃಷ್ಟಿಯಿಂದ ಬೆಲೆಯುಳ್ಳದ್ದು. ಅದು ದೇವನ ನಾಲ್ಕು ಕೈಗಳನ್ನು ಎಣಿಸುತ್ತದೆ: ಒಂದರಲ್ಲಿ ಚಕ್ರ, ಒಂದರಲ್ಲಿ ಶಂಖ, ಒಂದರಿಂದ ಲಕ್ಷ್ಮಿಯನ್ನು ಆತುಕೊಂಡಿದ್ದಾನೆ, ಉಳಿದ ಬಲಗೈ ವರವನ್ನೂ ಅಭಯವನ್ನೂ ಕೊಡುವುದು. ಇದು ಲಕ್ಷ್ಮೀನರಸಿಂಹಮೂರ್ತಿಯ ಲಕ್ಷಣವೇ ಆಗಿದೆ. ಚಿಕ್ಕಮಗಳೂರು ತಾಲ್ಲೂಕಿನ ಬೆಳವಾಡಿಯ ಹೊಯ್ಸಳರ ಕಾಲದ ತ್ರಿಕೂಟ ದೇವಾಲಯದಲ್ಲಿ ವೀರನಾರಾಯಣ ಮತ್ತು ವೇಣುಗೋಪಾಲರೊಡನೆ ಇರುವುದು ಯೋಗನರಸಿಂಹ. ಯೋಗನರಸಿಂಹನ ಮುಂಗೈಗಳು ಮೊಣಕಾಲುಗಳ ಮೇಲೆ ಚಾಚಿಕೊಂಡಿರುತ್ತವೆ, ಅವನು ತಪಸ್ಸಿನಲ್ಲಿದ್ದಾನೆ. ನೆರೆಯ ಹಾಸನ ಜಿಲ್ಲೆಯ ಜಾವಗಲ್ಲು ಮತ್ತು ೧೨೪೬ರಲ್ಲಿ ಬೊಮ್ಮಣ್ಣ ದಂಡನಾಯಕನು ಕಟ್ಟಿಸಿದ ನುಗ್ಗೇಹಳ್ಳಿಯ ದೇವಾಲಯಗಳು ಲಕ್ಷ್ಮೀನರಸಿಂಹನ ಹೆಸರಿನವು. ಉಗ್ರನ ಕೈಗಳು ಸೀಳುವುದರಲ್ಲಿಯೂ ಯೋಗಿಯ ಕೈಗಳು ಮೊಣಕಾಲಿನ ಮೇಲೆಯೂ ಇರುವಲ್ಲಿ, ಲಕ್ಷ್ಮೀಸಮೇತನ ಒಂದು ಕೈ ಮಾತ್ರ ಬೇಡುವವನಿಗಾಗಿ ಬಿಡುವಾಗಿದೆ. ಸ್ತೋತ್ರವು ನರಸಿಂಹನ ಇತರ ರೂಪಗಳನ್ನು ಬಿಟ್ಟು ಈ ರೂಪವನ್ನೇ ಕರೆದುದರ ಔಚಿತ್ಯವು ಇದರಿಂದ ವ್ಯಕ್ತವಾಗುತ್ತದೆ.

೬

ಶಂಕೆಯ ಪೂರ್ವಾರ್ಧಕ್ಕೆ, ಎಂದರೆ ದೇಹಕ್ಕಾಗಿ ಏಕೆ ಬೇಡಬೇಕೆಂಬುದಕ್ಕೆ, ಕಾವ್ಯದ ಹನ್ನೊಂದನೆಯ ಸರ್ಗವು ಉತ್ತರ ಕೊಡುತ್ತದೆ. ಅಲ್ಲಿ ಉಗ್ರಭೈರವನೆಂಬ ಕಾಪಾಲಿಕನು ಆಚಾರ್ಯರ ಬಳಿಗೆ ಬಂದು, ತನ್ನ ಸಿದ್ಧಿಗಾಗಿ ಸರ್ವಜ್ಞನ ಅಥವಾ ರಾಜನ ತಲೆಯು ಬೇಕಾಗಿದೆಯೆಂದು ಅವರ ತಲೆಯನ್ನೇ ಬೇಡುತ್ತಾನೆ. ಶಂಕರರು ಒಪ್ಪುತ್ತಾರೆ, ಶಿಷ್ಯರಿಗೆ ತಿಳಿದರೆ ತಡೆದಾರೆಂದು ಏಕಾಂತದಲ್ಲಿ ಬರಲು ಹೇಳಿ ಸಮಾಧಿಯಲ್ಲಿ ಕುಳಿತುಕೊಳ್ಳುತ್ತಾರೆ. ಕಾಪಾಲಿಕನು ಶೂಲವನ್ನೆತ್ತಿದಾಗ ದೂರದಲ್ಲಿದ್ದ ಪದ್ಮಪಾದನಿಗೆ ಅದು ಮನಸ್ಸಿಗೆ ಗೋಚರಿಸುತ್ತದೆ. ಅವನು ಹಿಂದೆ ಅಹೋಬಲದಲ್ಲಿ ಉಪಾಸಿಸಿದ ನರಸಿಂಹನು ಅವನಲ್ಲಿ ಆವಿರ್ಭವಿಸಿ ಕಾಪಾಲಿಕನನ್ನು ಸೀಳುತ್ತಾನೆ. ಕಣ್ತೆರೆದ ಆಚಾರ್ಯರು ನರಸಿಂಹನನ್ನು ಸ್ತುತಿಸುತ್ತಾರೆ. ಆದರೆ ಈ ಸಲ ಅವರು ತಮ್ಮ ರಕ್ಷಣೆಯನ್ನು ಬೇಡುವುದಿಲ್ಲ. ಲೋಕವನ್ನು ನಡುಗಿಸುವ ಆ ಕೋಪವು ಶಾಂತವಾಗಲೆಂದು ಬೇಡುತ್ತಾರೆ.

ಜನರ ಬಾಯಲ್ಲಿ ಈ ಎರಡು ಕಥೆಗಳೂ ಒಂದಕ್ಕೊಂದು ಬೆರೆತುಹೋಗಿವೆ. ಕರಾವಲಂಬ ಸ್ತೋತ್ರವು ಕಾಪಾಲಿಕನ ಪ್ರಸಂಗದಲ್ಲಿ ಹುಟ್ಟಿತೆಂದು ಹೇಳುವವರೂ ಇದ್ದಾರೆ. ಆದರೆ ಕಾವ್ಯದಲ್ಲಿ ಅವು ಎರಡಾಗಿ, ಅಕ್ಕಪಕ್ಕದಲ್ಲಿ ನಿಂತಿರುವುದನ್ನು ನಾವು ಲಕ್ಷಿಸಬೇಕು. ಹತ್ತನೆಯ ಸರ್ಗದಲ್ಲಿ ದೇಹವನ್ನು ಉಳಿಸಿಕೊಡೆಂದು ಬೇಡಿದವರೇ ಹನ್ನೊಂದನೆಯ ಸರ್ಗದಲ್ಲಿ ಅದೇ ದೇಹದ ತಲೆಯನ್ನು ಕೇಳಿದವನಿಗೆ ಒಪ್ಪಿಸುತ್ತಾರೆ. ಇದು ವಿರೋಧವಲ್ಲ. ಮೊದಲ ಪ್ರಸಂಗದಲ್ಲಿ ಶಾಸ್ತ್ರಕಾರ್ಯವು ಅರ್ಧದಲ್ಲಿದೆ, ವಾದವು ಮುಗಿದಿಲ್ಲ, ಶಿಷ್ಯರು ಕಾಯುತ್ತಿದ್ದಾರೆ. ದೇಹವು ಆ ಕಾರ್ಯದ ಉಪಕರಣವಾದ್ದರಿಂದ ಅದನ್ನು ಬೇಡಿದರು. ಎರಡನೆಯದರಲ್ಲಿ ಒಬ್ಬನು ಯಾಚಕನಾಗಿ ಬಂದಿದ್ದಾನೆ. ದೇಹವು ತಮ್ಮದೆಂಬ ಅಭಿಮಾನವಿಲ್ಲದುದರಿಂದ ಅದನ್ನು ಕೊಟ್ಟರು. ಬೇಡಿ ಪಡೆದುದು ತನಗಾಗಿ ಇಟ್ಟುಕೊಳ್ಳಲು ಅಲ್ಲವೆಂಬುದನ್ನು ಎರಡನೆಯ ಕಥೆ ದೃಢಪಡಿಸುತ್ತದೆ. ಮೊದಲನೆಯ ಕಥೆಯನ್ನು ಮಾತ್ರ ಹೇಳಿ ನಿಲ್ಲಿಸಿದರೆ ಸ್ತೋತ್ರವು ಪ್ರಾಣರಕ್ಷಣೆಯ ಒಂದು ಮಂತ್ರವಾಗಿ ಕುಗ್ಗುತ್ತದೆ; ಎರಡನ್ನೂ ಸೇರಿಸಿ ಹೇಳಿದರೆ ಸ್ತೋತ್ರವು ಬಿಡುಗಡೆ ಕೇಳುವುದು ಸಾವಿನಿಂದಲ್ಲ, ದೇಹಾಭಿಮಾನದಿಂದ ಎಂಬ ಅರ್ಥಕ್ಕೆ ಕಥೆಯೇ ಸಾಕ್ಷಿಯಾಗುತ್ತದೆ. ಸಂಪ್ರದಾಯವು ಒಳ್ಳೆಯ ವ್ಯಾಖ್ಯಾನಕಾರನೆಂದು ನಾವು ಹೇಳುವುದು ಈ ಅರ್ಥದಲ್ಲಿ.

ಇದೇ ಕಾವ್ಯದ ಹದಿನಾಲ್ಕನೆಯ ಸರ್ಗದಲ್ಲಿ ಇನ್ನೊಂದು ಬೆಂಕಿಯ ಕಥೆಯಿದೆ. ಪದ್ಮಪಾದನು ಬರೆದ ಭಾಷ್ಯವ್ಯಾಖ್ಯಾನವನ್ನು ಅವನ ಸೋದರಮಾವನು ಮನೆಯೊಡನೆ ಸುಟ್ಟುಬಿಡುತ್ತಾನೆ. ಹಿಂದೆ ಒಮ್ಮೆ ಕೇಳಿದ್ದ ಭಾಗವನ್ನು ಆಚಾರ್ಯರು ನೆನಪಿನಿಂದ ಹೇಳಿ ಬರೆಸುತ್ತಾರೆ. ಅಲ್ಲಿ ಬೆಂಕಿಯನ್ನು ಆರಿಸಲು ಯಾವ ದೇವನೂ ಬರಲಿಲ್ಲ. ಗುರುವಿನ ಸ್ಮೃತಿಯೇ ಆಸರೆಯ ಕೈಯಾಯಿತು. ಇಂದು ಪಂಚಪಾದಿಕೆಯೆಂಬ ಹೆಸರಿನಲ್ಲಿ ದೊರೆಯುವ ಗ್ರಂಥವು ಮೊದಲ ನಾಲ್ಕು ಸೂತ್ರಗಳ ಭಾಷ್ಯಕ್ಕೆ ಮಾತ್ರ ಸಂಬಂಧಿಸಿದುದು.

೭

ಬೆಂಕಿಯಿಂದ ಉಳಿದ ದೇಹವು ಮುಂದೆ ಅರ್ಪಿತವಾಗುವುದೆಂಬ ಈ ರಚನೆಯು ಸಂಸ್ಕೃತದ ವಿಜಯಕಾವ್ಯಕ್ಕೆ ಮಾತ್ರ ವಿಶಿಷ್ಟವಲ್ಲ. ಇದೇ ಜಿಲ್ಲೆಯ ಕಡೂರು ತಾಲ್ಲೂಕಿನ ದೇವನೂರು ಲಕ್ಷ್ಮೀಶ ಕವಿಯ ಊರೆಂದು ಪ್ರಸಿದ್ಧವಾಗಿದೆ. ಅಲ್ಲಿಯ ಲಕ್ಷ್ಮೀಕಾಂತಸ್ವಾಮಿಯು ಅವನ ಇಷ್ಟದೈವ. ವಾರ್ಧಕ ಷಟ್ಪದಿಯಲ್ಲಿರುವ ಅವನ ಜೈಮಿನಿ ಭಾರತದ ಸುಧನ್ವನ ಪ್ರಸಂಗವು ಕನ್ನಡ ವಿದ್ಯಾರ್ಥಿಗಳಿಗೆ ಪರಿಚಿತವಾದುದೇ.

ಚಂಪಕಾಪುರದ ಹಂಸಧ್ವಜರಾಜನು, ಯುದ್ಧಕ್ಕೆ ತಡವಾಗಿ ಬಂದವರನ್ನು ಕಾದ ಎಣ್ಣೆಯ ಕೊಪ್ಪರಿಗೆಗೆ ಹಾಕುವುದಾಗಿ ಆಜ್ಞೆ ಮಾಡಿದ್ದಾನೆ. ಹೆಂಡತಿಯ ಬಯಕೆಯನ್ನು ಸಲ್ಲಿಸಿ ಬರುವಷ್ಟರಲ್ಲಿ ರಾಜನ ಮಗನಾದ ಸುಧನ್ವನೇ ತಡಮಾಡುತ್ತಾನೆ. ಶಂಖಲಿಖಿತರೆಂಬ ಪುರೋಹಿತರ ಒತ್ತಾಯದಿಂದ ಅವನನ್ನು ಕೊಪ್ಪರಿಗೆಗೆ ಹಾಕುತ್ತಾರೆ. ಹರಿಸ್ಮರಣೆಯಿಂದ ಅವನಿಗೆ ಎಣ್ಣೆ ತಂಪಾಗುತ್ತದೆ. ಎಣ್ಣೆ ಕಾದಿದೆಯೇ ಎಂದು ಪರೀಕ್ಷಿಸಲು ಪುರೋಹಿತರು ತೆಂಗಿನಕಾಯಿಯನ್ನು ಹಾಕಿದರೆ ಅದು ಸಿಡಿದು ಅವರ ಹಣೆಗೇ ಬಡಿಯುತ್ತದೆ. ಕಥೆ ಇಷ್ಟಕ್ಕೇ ಮುಗಿದಿದ್ದರೆ ಅದು ಭಕ್ತನ ಪ್ರಾಣ ಉಳಿದ ಕಥೆಯಾಗಿ ಉಳಿಯುತ್ತಿತ್ತು. ಆದರೆ ಉಳಿದ ಸುಧನ್ವನು ನೇರವಾಗಿ ರಣರಂಗಕ್ಕೆ ಹೋಗುತ್ತಾನೆ. ಅರ್ಜುನನೊಡನೆ, ಅವನ ಸಾರಥಿಯಾದ ಕೃಷ್ಣನೆದುರಿನಲ್ಲಿ ಕಾದಿ ಮಡಿಯುತ್ತಾನೆ. ಅವನ ತಲೆಯು ಕೃಷ್ಣನ ಪಾದಗಳಲ್ಲಿ ಬೀಳುತ್ತದೆ. ಎಣ್ಣೆಯಿಂದ ಕಾಪಾಡಿದ ಹರಿಯೇ ಯುದ್ಧದಲ್ಲಿ ಅವನನ್ನು ಸ್ವೀಕರಿಸುತ್ತಾನೆ. ತಲೆಯನ್ನು ಕಾಪಾಡಿದುದು, ಅದು ತನಗೆ ಸಲ್ಲಬೇಕಾದಂತೆ ಸಲ್ಲಲೆಂದು.

ಶಂಕರರ ಐತಿಹ್ಯಕ್ಕೂ ಸುಧನ್ವನ ಕಥೆಗೂ ನೇರವಾದ ಸಂಬಂಧವನ್ನು ಊಹಿಸಲು ಆಧಾರವಿಲ್ಲ, ಅವಶ್ಯಕತೆಯೂ ಇಲ್ಲ. ಒಬ್ಬರು ಜ್ಞಾನಮಾರ್ಗದ ಯತಿ, ಇನ್ನೊಬ್ಬನು ಗೃಹಸ್ಥನಾದ ಕ್ಷತ್ರಿಯ. ಆದರೂ ದೇವರು ಉಳಿಸುವುದೆಂದರೇನೆಂಬ ಪ್ರಶ್ನೆಗೆ ಎರಡು ಪರಂಪರೆಗಳೂ ಒಂದೇ ಉತ್ತರವನ್ನು ಕೊಟ್ಟಿವೆ. ಉಳಿದವನು ಸಾಯುವುದೇ ಇಲ್ಲವೆಂದು ಎರಡೂ ಹೇಳುವುದಿಲ್ಲ. ಉಳಿದವನಿಗೆ ಮಾಡಬೇಕಾದ ಕಾರ್ಯವೊಂದಿದೆ ಎಂದು ಎರಡೂ ಹೇಳುತ್ತವೆ.

೮

ಮೇಲಿನ ಪರಿಶೀಲನೆಯಿಂದ ಬೋಧನೆಗೆ ಉಪಯುಕ್ತವಾದ ಕೆಲವು ನಿರ್ಣಯಗಳು ದೊರೆಯುತ್ತವೆ. ಒಂದನೆಯದಾಗಿ, ಸ್ತೋತ್ರವೊಂದನ್ನು ಅದರ ಐತಿಹ್ಯದಿಂದ ಬೇರ್ಪಡಿಸಿ ಮೊದಲು ಓದಬೇಕು. ಕರಾವಲಂಬ ಸ್ತೋತ್ರದಲ್ಲಿ ಚಿತೆಯಿಲ್ಲ, ಸಂಸಾರವೆಂಬ ಕಾಳ್ಗಿಚ್ಚು ಇದೆ. ಎರಡನೆಯದಾಗಿ, ಐತಿಹ್ಯವು ಸ್ತೋತ್ರದ ಯಾವ ಮಾತಿಗೆ ಅಂಟಿಕೊಂಡಿದೆಯೆಂಬುದನ್ನು ಹುಡುಕಬೇಕು. ಇಲ್ಲಿ ಅದು ಸುಟ್ಟ ರೋಮಗಳ ಮಾತಿಗೂ ಕೈಯೆಂಬ ಶಬ್ದಕ್ಕೂ ಅಂಟಿಕೊಂಡಿದೆ. ಮೂರನೆಯದಾಗಿ, ಐತಿಹ್ಯವನ್ನು ಅದು ಬರುವ ಗ್ರಂಥದ ಹಿಂದುಮುಂದಿನ ಪ್ರಸಂಗಗಳೊಡನೆ ಓದಬೇಕು; ಅಗ್ನಿಯ ಕಥೆಯ ಅರ್ಥವು ಕಾಪಾಲಿಕನ ಕಥೆಯಿಂದ ಪೂರ್ಣವಾಗುತ್ತದೆ.

ಈ ಮಾತುಗಳಿಂದ ಪಾರಾಯಣ ಮಾಡುವವರ ಶ್ರದ್ಧೆಗೆ ಕುಂದು ಬರುವುದೆಂದು ಭಾವಿಸಬೇಕಾಗಿಲ್ಲ. ರೋಗ, ಸಾಲ, ಅಪಮೃತ್ಯು ಮೊದಲಾದ ಭಯಗಳು ಬಂದಾಗ ಈ ಸ್ತೋತ್ರವನ್ನು ಹೇಳಿಕೊಳ್ಳುವವನು ಅದರ ಮೊದಲ ಮೆಟ್ಟಿಲಿನಲ್ಲಿ ನಿಂತಿದ್ದಾನೆ. ಬಾವಿಗೆ ಬಿದ್ದವನು ಮೊದಲು ಕೂಗುವುದು ಪ್ರಾಣಭಯದಿಂದಲೇ. ತಾನು ಬಿದ್ದ ಬಾವಿ ಎಷ್ಟು ಆಳವಾದುದು, ತನ್ನನ್ನು ದೋಚಿದ ಕಳ್ಳರು ಯಾರು ಎಂಬುದನ್ನು ಸ್ತೋತ್ರವು ಪದ್ಯದಿಂದ ಪದ್ಯಕ್ಕೆ ಅವನಿಗೆ ತಿಳಿಸುತ್ತ ಹೋಗುತ್ತದೆ. ಅದನ್ನು ತಿಳಿದು ಕೈಯನ್ನು ಹಿಡಿದವನು ಹತ್ತಲೂ ತೊಡಗುತ್ತಾನೆ. ನಮ್ಮ ಕಾಲೇಜುಗಳಲ್ಲಿ ಈ ಸ್ತೋತ್ರವನ್ನು ಪಾಠಕ್ಕೆ ತೆಗೆದುಕೊಳ್ಳುವ ಅಧ್ಯಾಪಕರು ಕಥೆಯನ್ನು ಬಿಡದೆ, ಕಥೆಯಲ್ಲಿಯೇ ನಿಲ್ಲದೆ, ಈ ಕ್ರಮದಲ್ಲಿ ವಿದ್ಯಾರ್ಥಿಗಳನ್ನು ನಡೆಸುವರೆಂದು ಆಶಿಸುತ್ತೇವೆ.